ಮಣ್ಣು ಒದ್ದೆ, ಗಿಡ ಬಾಡಿದೆ: ಬಸಿ ನೀರು ಮರಳಿ ಬಳಸುವ ಕಡೆ ದೋಷ ಹುಡುಕುವುದು ಹೇಗೆ

ಬೆಳಗ್ಗೆ ಹೋಗಿ ನೋಡಿದಾಗ ಎಲೆಗಳು ಜೋತುಬಿದ್ದಿದ್ದವು. ಬಿಸಿಲು ಇನ್ನೂ ಏರಿರಲಿಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ವಾಲ್ವ್ ತಿರುಗಿಸಿ ಅರ್ಧ ಗಂಟೆ ಜಾಸ್ತಿ ನೀರು ಬಿಟ್ಟೆ. ಮರುದಿನ ಇನ್ನಷ್ಟು ಬಾಡಿದವು. ಇನ್ನಷ್ಟು ನೀರು ಬಿಟ್ಟೆ. ನಾಲ್ಕನೇ ದಿನ ಒಂದು ಗಿಡ ಕಿತ್ತು ನೋಡಿದರೆ ಬೇರು ಕಂದುಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಬಂದು ಒಳಗಿನ ನಾರಷ್ಟೇ ಉಳಿಯುತ್ತಿತ್ತು. ಗುಣಿಯಿಂದ ಕೊಳೆತ ಮೊಟ್ಟೆಯ ನಾತ. ಮೇಲಿನ ನಾಲ್ಕು ಬೆರಳು ಮಣ್ಣು ಹದವಾಗಿಯೇ ಇತ್ತು. ಅದರ ಕೆಳಗೆ ನೀರು ನಿಂತಿತ್ತು. ಮುಳುಗುತ್ತಿದ್ದ ಗಿಡಕ್ಕೆ ನಾಲ್ಕು ದಿನ ನೀರು ಕುಡಿಸಿದ್ದೆ.

ಬೇರಿಗೂ ಉಸಿರು ಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ, ಒಳಗಿದ್ದ ಆಮ್ಲಜನಕ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಉಸಿರು ಕಟ್ಟಿದ ಬೇರು ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಅದಕ್ಕೇ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದ ಹಾಗೆಯೇ ಬಾಡುತ್ತದೆ. ಉಪ್ಪು ಜಾಸ್ತಿಯಾದರೂ ಅದೇ ಗತಿ. ಮೂರು ಬೇರೆ ಬೇರೆ ದೋಷ, ಎಲೆಯ ಮೇಲೆ ಒಂದೇ ಲಕ್ಷಣ. ಹಾಗಾಗಿ ಎಲೆ ನೋಡಿ ವಾಲ್ವ್ ಮುಟ್ಟಬೇಡಿ. ಮೊದಲು ನೀರು ಎಲ್ಲಿ ನಿಂತಿದೆ ಅಂತ ಅಳೆಯಿರಿ.

ಯಾವ ಬಗೆಯ ಏರ್ಪಾಡಿನ ಬಗ್ಗೆ ಹೇಳುತ್ತಿದ್ದೇನೆ ಅಂದರೆ: ಪಾತಿಯ ಕೆಳಗೆ ತೂತಿನ ಪೈಪು ಹೂತಿದೆ. ಸುತ್ತ ಜಲ್ಲಿ, ಜಲ್ಲಿಯ ಸುತ್ತ ಫಿಲ್ಟರ್ ಬಟ್ಟೆ. ಹೆಚ್ಚಾದ ನೀರು ಪೈಪಿಗೆ ಬಸಿದು ಮೂಲೆಯ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯೊಳಗೆ ಪೈಪಿನ ತುದಿಗೆ ಒಂದು ಎಲ್ಬೋ, ಅಂದರೆ ಮೊಣಕೈಯ ಹಾಗೆ ಬಾಗಿದ ಜೋಡಣೆ, ಅದಕ್ಕೊಂದು ತುಂಡು ಪೈಪು. ಅದನ್ನು ಮೇಲಕ್ಕೆ ತಿರುಗಿಸಿದರೆ ಮಣ್ಣಿನಲ್ಲಿ ನೀರು ಆ ಎತ್ತರಕ್ಕೆ ನಿಲ್ಲುತ್ತದೆ. ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ತೊಟ್ಟಿಯ ನೀರನ್ನು ಮೋಟರ್ ಎತ್ತಿ, ಫಿಲ್ಟರ್ ದಾಟಿಸಿ, ಹೊಸ ನೀರಿನ ಜೊತೆ ಬೆರೆಸಿ ಮತ್ತೆ ಡ್ರಿಪ್ ಲೈನಿಗೆ ಕಳಿಸುತ್ತದೆ. ಹತ್ತು ಪಾತಿಯ ತೋಟವಿರಲಿ, ದೊಡ್ಡ ಹೊಲವಿರಲಿ, ಲೆಕ್ಕ ಒಂದೇ.

ಹರಿದು ಹೊರಗೆ ಹೋಗುವ ನೀರಿನ ಜೊತೆ ತಪ್ಪೂ ಹರಿದು ಹೋಗುತ್ತದೆ. ಸುತ್ತು ಹೊಡೆಯುವ ನೀರಿನಲ್ಲಿ ಅದು ವಾಪಸ್ ಬರುತ್ತದೆ, ಬರುವಾಗ ಸ್ವಲ್ಪ ದಪ್ಪವಾಗಿ ಬರುತ್ತದೆ. ಇಲ್ಲಿ ದೋಷ ಹುಡುಕುವುದು ತಲೆನೋವಾಗುವುದು ಅದಕ್ಕೇ.

ಎರಡು ಅಳತೆ ಪೈಪು

ಒಂದೂವರೆ ಅಥವಾ ಎರಡು ಇಂಚಿನ ಪಿವಿಸಿ ಪೈಪು ತೆಗೆದುಕೊಳ್ಳಿ. ಒಂದು ಮೀಟರ್ ಉದ್ದ ಸಾಕು. ಮರದ ಬೇರು ಆಳಕ್ಕೆ ಹೋಗುವ ಜಾಗವಾದರೆ ಒಂದೂವರೆ ಮೀಟರ್. ಕೆಳಗಿನ ಅರ್ಧಕ್ಕೆ ಸಣ್ಣ ಡ್ರಿಲ್ ಬಿಟ್‌ನಿಂದ ಸುತ್ತಲೂ ತೂತು ಹಾಕಿ. ಆ ಭಾಗಕ್ಕೆ ಫಿಲ್ಟರ್ ಬಟ್ಟೆ ಸುತ್ತಿ, ತಳವನ್ನೂ ಬಟ್ಟೆಯಿಂದ ಕಟ್ಟಿ. ಬೈರಿಗೆಯಿಂದ ಮಣ್ಣು ಕೊರೆದು ಪೈಪು ಇಳಿಸಿ, ಸುತ್ತ ಒರಟು ಮರಳು ತುಂಬಿ. ಮೇಲಿನ ಒಂದು ಗೇಣು ಮಾತ್ರ ಜೇಡಿ ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿ. ಇಲ್ಲದಿದ್ದರೆ ಮೇಲೆ ಬಿಟ್ಟ ನೀರು ಪೈಪಿನ ಪಕ್ಕದಿಂದಲೇ ಜಾರಿ ಒಳಗಿಳಿದು ಸುಳ್ಳು ಹೇಳುತ್ತದೆ. ಮೇಲೊಂದು ಕ್ಯಾಪ್, ಗಾಳಿಯಾಡಲು ಕ್ಯಾಪ್‌ಗೊಂದು ತೂತು.

ಅಂಥವು ಎರಡು ಬೇಕು. ಒಂದನ್ನು ಬಸಿ ಪೈಪಿಗೆ ಅಂಟಿಕೊಂಡ ಹಾಗೆ ಹಾಕಿ. ಇನ್ನೊಂದನ್ನು ಎರಡು ಬಸಿ ಪೈಪುಗಳ ನಟ್ಟನಡುವೆ. ಬಸಿ ಪೈಪಿನ ಹತ್ತಿರ ನೀರು ಕೆಳಗಿಳಿದಿರುತ್ತದೆ, ನಡುವೆ ಗುಡ್ಡದ ಹಾಗೆ ಉಬ್ಬಿರುತ್ತದೆ. ಪೈಪಿನ ಪಕ್ಕ ಮಾತ್ರ ಅಳೆದವರು "ಎಲ್ಲಾ ಸರಿ ಇದೆ" ಅಂತ ಎದ್ದು ಹೋಗುತ್ತಾರೆ, ಗಿಡ ಸಾಯುವುದು ನಡುವೆ.

ಅಳೆಯಲು ಒಂದು ತೆಳ್ಳನೆ ಮರದ ಪಟ್ಟಿ, ಒಂದು ಸೀಮೆಸುಣ್ಣ ಸಾಕು. ಪಟ್ಟಿಯ ಕೆಳಗಿನ ಭಾಗಕ್ಕೆ ಸೀಮೆಸುಣ್ಣ ದಪ್ಪಗೆ ಉಜ್ಜಿ ತಳ ಮುಟ್ಟುವವರೆಗೆ ಇಳಿಸಿ ತೆಗೆಯಿರಿ. ಒದ್ದೆಯಾದ ಕಡೆ ಬಿಳಿ ಬಣ್ಣ ಮಾಸಿ ಗೆರೆ ಕಾಣುತ್ತದೆ. ಪೈಪಿನ ಬಾಯಿಯಿಂದ ಆ ಗೆರೆಗೆ ಎಷ್ಟು ಅಂತ ಬರೆದುಕೊಳ್ಳಿ. ಪೈಪಿನ ಬಾಯಿ ನೆಲಕ್ಕಿಂತ ಎಷ್ಟು ಮೇಲಿದೆಯೋ ಅಷ್ಟನ್ನು ಕಳೆಯಿರಿ. ಇದನ್ನು ಮರೆತು ಒಂದು ವಾರದ ಲೆಕ್ಕವನ್ನೆಲ್ಲ ಹತ್ತು ಸೆಂ.ಮೀ. ತಪ್ಪಾಗಿ ಬರೆದವನು ನಾನೇ.

ಅಳತೆ ಪೈಪೇ ಕಟ್ಟಿಕೊಂಡಿರಬಹುದು. ಅನುಮಾನ ಬಂದರೆ ಒಂದು ಚೆಂಬು ನೀರು ಸುರಿಯಿರಿ. ಮಟ್ಟ ಏರಿ, ಸ್ವಲ್ಪ ಹೊತ್ತಿನಲ್ಲಿ ಮೊದಲಿದ್ದಲ್ಲಿಗೆ ಇಳಿಯಬೇಕು. ಮರಳು ಮಣ್ಣಿನಲ್ಲಿ ಬೇಗ, ಜೇಡಿಯಲ್ಲಿ ಗಂಟೆಗಟ್ಟಲೆ. ಅಲ್ಲಾಡದೆ ನಿಂತರೆ ಪೈಪು ಕಿತ್ತು ಬಟ್ಟೆ ತೊಳೆಯಿರಿ.

ಈಗ ಎರಡೂ ಅಂಕಿ ಕೈಯಲ್ಲಿವೆ. ಬಸಿ ಪೈಪಿನ ಪಕ್ಕದಲ್ಲೇ ನೀರು ಮೇಲಿದ್ದರೆ ದೋಷ ಪೈಪಿನಲ್ಲಿ ಅಥವಾ ಅದರ ಬಾಯಲ್ಲಿ. ಪಕ್ಕದಲ್ಲಿ ಕೆಳಗಿದ್ದು ನಡುವೆ ಮೇಲಿದ್ದರೆ ನೀರು ಪೈಪಿನವರೆಗೆ ಬರುತ್ತಿಲ್ಲ. ಮಣ್ಣು ಬಿಗಿದಿದೆ, ಇಲ್ಲವೇ ಪೈಪುಗಳ ನಡುವೆ ಅಂತರ ಜಾಸ್ತಿಯಾಗಿದೆ. ಎರಡೂ ಕಡೆ ಕೆಳಗಿದ್ದು ಮೇಲ್ಮಣ್ಣು ಮಾತ್ರ ಕೆಸರಾಗಿದ್ದರೆ ನೀರು ನಡುವೆ ಯಾವುದೋ ಪದರದ ಮೇಲೆ ಕೂತಿದೆ. ಎರಡೂ ಕೆಳಗಿದ್ದು ಮಣ್ಣೂ ಒಣಗಿದ್ದರೆ ನಿಜವಾಗಿಯೂ ನೀರು ಸಾಲದು. ಎಲ್ಲವೂ ಸರಿಯಿದ್ದೂ ಗಿಡ ಸೊರಗುತ್ತಿದ್ದರೆ ಉಪ್ಪು ಅಥವಾ ರೋಗ ನೋಡಬೇಕು.

ಎಷ್ಟಿದ್ದರೆ ಸರಿ? ಬೇರು ಇಳಿದ ಆಳಕ್ಕಿಂತ ಒಂದು ಗೇಣಾದರೂ ಕೆಳಗೆ ನೀರಿರಲಿ. ಸೊಪ್ಪು ತರಕಾರಿಯಂಥ ಗಿಡ್ಡ ಬೇರಿನವಕ್ಕೆ ನೆಲದಿಂದ ಅರ್ಧ ಮೀಟರ್ ಆಸುಪಾಸು, ಮರಗಳಿಗೆ ಒಂದು ಮೀಟರ್ ಮತ್ತು ಮೇಲ್ಪಟ್ಟು. ಮಣ್ಣು ನುಣ್ಣಗಿದ್ದಷ್ಟೂ ನೀರು ಮೇಲಕ್ಕೆ ಹೀರಿಕೊಂಡು ಏರುತ್ತದೆ, ಹಾಗಾಗಿ ಇನ್ನಷ್ಟು ಕೆಳಗಿರಬೇಕು.

ಬಸಿ ಪೈಪಿನ ಪಕ್ಕದಲ್ಲೇ ನೀರು ನಿಂತಿದ್ದರೆ

ಮೊದಲು ತೊಟ್ಟಿಯ ಮುಚ್ಚಳ ತೆಗೆದು ಎಲ್ಬೋ ನೋಡಿ. ನನ್ನ ನಾಲ್ಕು ದಿನದ ಕಥೆಯ ಮೂಲ ಅಲ್ಲೇ ಇತ್ತು. ಒಣಗುವ ಕಾಲದಲ್ಲಿ ನೀರು ಉಳಿಯಲಿ ಅಂತ ಎಲ್ಬೋ ಮೇಲಕ್ಕೆ ತಿರುಗಿಸಿದ್ದೆ. ಆಮೇಲೆ ಮಳೆ ಶುರುವಾಯಿತು, ಅದನ್ನು ಇಳಿಸುವುದು ಮರೆತಿತ್ತು. ಅಂಥ ತಪ್ಪು ಹುಡುಕಲು ನೆಲ ಅಗೆಯುವುದು ಬೇಡ ಅಲ್ವಾ. ಈಗ ತೊಟ್ಟಿಯ ಗೋಡೆಗೆ ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದೇನೆ, ಮಳೆಗೊಂದು, ಒಣ ಕಾಲಕ್ಕೊಂದು.

ಎಲ್ಬೋ ಸರಿಯಿದ್ದರೆ ತೊಟ್ಟಿಯ ನೀರು ಪೈಪಿನ ಬಾಯಿಗಿಂತ ಮೇಲಿದೆಯಾ ನೋಡಿ. ಮೋಟರ್ ನಿಂತಿದ್ದರೆ ತೊಟ್ಟಿ ತುಂಬಿ, ಬಸಿ ನೀರಿಗೆ ಹೊರಬರಲು ಜಾಗವೇ ಇರುವುದಿಲ್ಲ. ಪಾತಿಯ ದೋಷ ಅಂತ ಕಂಡದ್ದು ಮೋಟರಿನ ದೋಷವಾಗಿರುತ್ತದೆ.

ತೊಟ್ಟಿ ಖಾಲಿ, ಎಲ್ಬೋ ಕೆಳಗಿದೆ, ಆದರೂ ಪೈಪಿನಿಂದ ಹನಿ ಹನಿ ಮಾತ್ರ. ಆಗ ಪೈಪು ಕಟ್ಟಿದೆ. ಯಾವುದರಿಂದ ಅಂತ ಬಾಯಲ್ಲೇ ಸುಳಿವು ಸಿಗುತ್ತದೆ. ನುಣ್ಣನೆ ಹೂಳು ಬಂದಿದ್ದರೆ ಬಟ್ಟೆ ಹರಿದಿದೆ, ಇಲ್ಲವೇ ಪೈಪು ಎಲ್ಲೋ ಕುಸಿದು ತಗ್ಗಾಗಿದೆ. ಕೂದಲಿನಂಥ ಬೇರಿನ ಎಳೆ ಕಂಡರೆ ಒಳಗೆ ಬೇರು ಗೂಡು ಕಟ್ಟಿದೆ. ನೀರಿನಾಸೆಯ ಮರಗಳ ಬೇರು ಪೈಪಿನ ಸಂದಿ ಹುಡುಕಿಕೊಂಡು ಬರುತ್ತದೆ. ಅಂಥ ಮರದ ಹತ್ತಿರ ಹೋಗುವಷ್ಟು ದೂರಕ್ಕೆ ತೂತಿಲ್ಲದ ಪೈಪು ಹಾಕುವುದೇ ಪರಿಹಾರ.

ತುಕ್ಕು ಬಣ್ಣದ ಲೋಳೆ ಕಂಡರೆ ಅದು ಕಬ್ಬಿಣ. ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ. ಪೈಪಿಗೆ ಬಂದು ಗಾಳಿ ಸೋಕಿದ ಕೂಡಲೇ ಗಟ್ಟಿಯಾಗುತ್ತದೆ. ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾ ಅದನ್ನು ಲೋಳೆ ಮಾಡಿ ತೂತುಗಳಿಗೆ ಮೆತ್ತುತ್ತವೆ. ತೊಟ್ಟಿಯ ನೀರಿನ ಮೇಲೆ ಬಣ್ಣದ ಎಣ್ಣೆಪೊರೆ ಕಂಡು ಮೋಟರಿನ ಎಣ್ಣೆ ಸೋರಿದೆ ಅಂತ ಹೆದರುವವರಿದ್ದಾರೆ. ಕಡ್ಡಿಯಿಂದ ಚುಚ್ಚಿ ನೋಡಿ. ಪೊರೆ ಚೂರು ಚೂರಾಗಿ ಒಡೆದರೆ ಬ್ಯಾಕ್ಟೀರಿಯಾ. ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಲೋಳೆ ಮೆತ್ತಗಿರುವಾಗಲೇ ಪೈಪು ತೊಳೆಯಬೇಕು, ಒಣಗಿ ಗಟ್ಟಿಯಾದರೆ ಬಿಡುವುದಿಲ್ಲ. ಆಮೇಲೆ ಪೈಪಿನ ಬಾಯಿ ಸದಾ ನೀರಿನಲ್ಲಿ ಮುಳುಗಿರುವ ಹಾಗೆ ಎಲ್ಬೋ ಇಟ್ಟರೆ ಗಾಳಿ ಒಳಗೆ ಹೋಗದೆ ಲೋಳೆ ಕಡಿಮೆಯಾಗುತ್ತದೆ.

ತೊಳೆಯುವ ಬಗೆ: ಪೈಪಿನ ಎತ್ತರದ ತುದಿಯಲ್ಲಿ ನೆಲದ ಮೇಲಕ್ಕೆ ಬಂದ ಕೊಳವೆ ಇದ್ದರೆ ಅಲ್ಲಿಂದ ಹೋಸ್ ಹಾಕಿ ನೀರು ನುಗ್ಗಿಸಿ. ಇಲ್ಲದಿದ್ದರೆ ಕೆಳಗಿನ ಬಾಯಿಂದಲೇ ಹೋಸ್ ತಳ್ಳುತ್ತಾ ಹೋಗಿ. ಎಷ್ಟು ಮೀಟರಿಗೆ ತಡೆಯಿತು ಅಂತ ಹೋಸ್ ಮೇಲೆ ಗುರುತು ಹಾಕಿ. ಆ ಅಳತೆಯನ್ನು ನೆಲದ ಮೇಲೆ ಹಿಡಿದರೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಗುತ್ತದೆ. ಒತ್ತಡ ತೀರಾ ಜಾಸ್ತಿ ಬೇಡ, ಸುತ್ತಲಿನ ಜಲ್ಲಿಗೆ ಮಣ್ಣು ನುಗ್ಗುತ್ತದೆ.

ಅಗೆದಾಗ ಇಳಿಜಾರನ್ನೂ ನೋಡಿಬಿಡಿ. ಸಣ್ಣ ತೋಟದಲ್ಲಿ ನೂರಕ್ಕೆ ಒಂದು, ಅಂದರೆ ಹತ್ತು ಮೀಟರಿಗೆ ಹತ್ತು ಸೆಂ.ಮೀ. ಇಟ್ಟರೆ ನಿಶ್ಚಿಂತೆ. ರಸಮಟ್ಟ ಇಷ್ಟು ಉದ್ದಕ್ಕೆ ಸಾಲದು. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಎರಡು ತುದಿ ಹಿಡಿದು ನೋಡುವುದೇ ಲೇಸು, ಒಳಗೆ ಗುಳ್ಳೆ ಇರಬಾರದು ಅಷ್ಟೇ. ಅಂದಹಾಗೆ, ಜಲ್ಲಿ ತುಂಬಿದ ಈ ಬಗೆಯ ಬಸಿಗಾಲುವೆಗೆ ಫ್ರೆಂಚ್ ಡ್ರೈನ್ ಅಂತಾರೆ. ಫ್ರಾನ್ಸ್ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. 1859ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದ ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಅವರ ಹೆಸರು ಅದು.

ಪೈಪು ಖಾಲಿ, ಪಾತಿ ಮಾತ್ರ ಕೆಸರು

ಜನ ಅತಿ ಹೆಚ್ಚು ತಪ್ಪು ತಿಳಿಯುವುದು ಇಲ್ಲಿ. ಕೆಳಗೆ ಜಲ್ಲಿ ಹಾಕಿದರೆ ಮೇಲಿನ ನೀರು ಸಲೀಸಾಗಿ ಇಳಿಯುತ್ತದೆ ಅಂತ ನಂಬಿಕೆ. ಆಗುವುದು ತಿರುಗಾಮುರುಗಾ. ನುಣ್ಣನೆ ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಂಡಿರುತ್ತವೆ. ಜಲ್ಲಿಯ ದೊಡ್ಡ ಸಂದಿಗೆ ಆ ಹಿಡಿತವಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವ ಸ್ಥಿತಿಗೆ ಬರುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ಜಲ್ಲಿಯ ಮೇಲೆ ಒಂದು ಪಟ್ಟಿ ಮಣ್ಣು ಸದಾ ಒದ್ದೆ.

ಮನೆಯಲ್ಲೇ ನೋಡಬಹುದು. ಪಾತ್ರೆ ತೊಳೆಯುವ ಸ್ಪಾಂಜನ್ನು ಪೂರ್ತಿ ನೆನೆಸಿ ಮಟ್ಟಸವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಮಣ್ಣೂ ಹಾಗೆಯೇ. ಎತ್ತರ ಜಾಸ್ತಿಯಾದಷ್ಟೂ ಮೇಲ್ಭಾಗ ಒಣಗುತ್ತದೆ. ತೆಳ್ಳನೆ ಪಾತಿಗೆ ಅಡಿಯಲ್ಲಿ ಜಲ್ಲಿ ಸುರಿದು ಮಣ್ಣಿನ ಎತ್ತರ ಕಡಿಮೆ ಮಾಡಿದರೆ, ಒದ್ದೆ ಪಟ್ಟಿಯನ್ನು ಬೇರಿನ ಹತ್ತಿರಕ್ಕೆ ಎತ್ತಿಕೊಟ್ಟ ಹಾಗಾಯಿತು. ಜಲ್ಲಿ ಪೈಪಿನ ಸುತ್ತ ಇರಲಿ. ಪಾತಿಯ ಅಡಿಗೆಲ್ಲ ಹಾಸುವುದು ಬೇಡ.

ಎರಡನೇ ಕಾರಣ, ಒತ್ತಿ ಗಟ್ಟಿಯಾದ ಪದರ. ಒದ್ದೆ ಜೇಡಿಯಲ್ಲಿ ಗುಂಡಿ ತೋಡಿದರೆ ಸನಿಕೆಯ ಅಲಗು ಗೋಡೆಯನ್ನು ಸಾರಿಸಿದ ಹಾಗೆ ನುಣುಪು ಮಾಡುತ್ತದೆ, ನೀರು ದಾಟುವುದಿಲ್ಲ. ಯಂತ್ರ ಓಡಾಡಿದ ಕಡೆಯೂ ಒಳಗೆ ಗಟ್ಟಿ ಹಾಸು ಬೀಳುತ್ತದೆ. ಒಂದು ಕಬ್ಬಿಣದ ಸರಳನ್ನು ಕೈಯಿಂದ ಒತ್ತುತ್ತಾ ಇಳಿಸಿ. ಸರಾಗವಾಗಿ ಹೋಗುತ್ತಿದ್ದದ್ದು ಒಂದು ಆಳದಲ್ಲಿ ತಡೆದು, ಜೋರು ಹಾಕಿದ ಮೇಲೆ ಮತ್ತೆ ಸಡಿಲವಾದರೆ ಅದೇ ಆ ಪದರ. ಬೇಕಿದ್ದರೆ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಮೊದಲ ಸಲದ್ದು ಮಣ್ಣು ನೆನೆಯಲಿಕ್ಕೆ. ಅದು ಇಂಗಿದ ಮೇಲೆ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತು ಅಂತ ನೋಡಿ. ಎರಡೂವರೆ ಸೆಂ.ಮೀ. ಮೇಲಿದ್ದರೆ ಚಿಂತೆಯಿಲ್ಲ. ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ ಪೈಪು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಮಣ್ಣು ಹದಕ್ಕೆ ಬಂದಾಗ ಆ ಪದರ ಒಡೆಯಬೇಕು. ಒದ್ದೆಯಲ್ಲಿ ಒಡೆಯಲು ಹೋದರೆ ಮತ್ತಷ್ಟು ಸಾರಿಸಿದ ಹಾಗಾಗುತ್ತದೆ.

ಅಗೆದಾಗ ಮಣ್ಣಿನ ಬಣ್ಣ ಗಮನಿಸಿ. ಬೂದು ನೀಲಿ ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳಿದ್ದರೆ, ಆ ಆಳದವರೆಗೆ ನೀರು ಆಗಾಗ ಬಂದು ನಿಂತು ಹೋಗುತ್ತಿದೆ ಅಂತ ಅರ್ಥ. ಈವತ್ತು ಅಳತೆ ಪೈಪು ಒಣಗಿದ್ದರೂ ಹಳೆಯ ಲೆಕ್ಕವನ್ನು ಮಣ್ಣು ಇಟ್ಟುಕೊಂಡಿರುತ್ತದೆ.

ನೀರು ನಿಲ್ಲುತ್ತಲೇ ಇಲ್ಲ

ಇದು ಸುಲಭ. ಎಲ್ಬೋ ಸಡಿಲವಾಗಿ ತಾನೇ ಕೆಳಗೆ ವಾಲಿರಬಹುದು, ರಬ್ಬರ್ ಸವೆದು ಪಕ್ಕದಲ್ಲಿ ಸೋರಬಹುದು. ನೀರು ಬಿಟ್ಟಿಲ್ಲದ ಹೊತ್ತಲ್ಲೂ ಪೈಪಿನಿಂದ ಸಣ್ಣಗೆ ಹರಿಯುತ್ತಿದ್ದರೆ ಅದೇ. ತೊಟ್ಟಿ ಸೋರುತ್ತಿದೆಯಾ ಅಂತ ತಿಳಿಯಲು ಮೋಟರ್ ಆಫ್ ಮಾಡಿ, ಬಸಿ ಪೈಪಿನ ಬಾಯಿ ಮುಚ್ಚಿ, ತೊಟ್ಟಿಯಲ್ಲೇ ಒಂದು ಬಕೆಟ್ ನೀರು ಇಟ್ಟು ಎರಡರ ಮಟ್ಟಕ್ಕೂ ಗುರುತು ಹಾಕಿ. ಒಂದು ದಿನದ ಮೇಲೆ ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿಯಾಗಿದ್ದು. ತೊಟ್ಟಿ ಜಾಸ್ತಿ ಇಳಿದಿದ್ದರೆ ಬಿರುಕಿದೆ.

ಇನ್ನೊಂದು ವಿಷಯ. ಒರಟು ಮರಳಿನಲ್ಲಿ ನೀರು ಒಂದು ಗೇಣು ಕೂಡ ಮೇಲಕ್ಕೆ ಹೀರಿಕೊಳ್ಳುವುದಿಲ್ಲ. ಗೋಡು ಮಣ್ಣಿನಲ್ಲಿ ಒಂದು ಮೀಟರ್ ಹತ್ತಿರ ಏರಬಲ್ಲದು, ನಿಧಾನವಾಗಿ. ಕೆಳಗೆ ನೀರು ನಿಲ್ಲಿಸಿ ಗಿಡಕ್ಕೆ ಕುಡಿಸುವ ಯೋಚನೆ ಮರಳಿನಲ್ಲಿ ಕೈಕೊಡುವುದು ಅದಕ್ಕೇ. ಎಲ್ಬೋ ಎಷ್ಟು ಏರಿಸಿದರೂ ಬೇರಿಗೆ ಮುಟ್ಟದು, ಮುಟ್ಟುವಷ್ಟು ಏರಿಸಿದರೆ ಬೇರು ಮುಳುಗುತ್ತದೆ. ಅಲ್ಲಿ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಆಗಾಗ ಕೊಡುವುದು ಒಳ್ಳೆಯದು.

ನೀರಿನ ಮಟ್ಟ ಸರಿ, ಎಲೆಯ ಅಂಚು ಸುಟ್ಟಿದೆ

ಬಸಿ ನೀರು ಮರಳಿ ಬಳಸುವವರನ್ನು ಕೊನೆಗೆ ಹಿಡಿಯುವ ದೋಷ ಇದು. ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಆಮೇಲೆ ಹಳೆ ಎಲೆಯ ತುದಿ, ಅಂಚು ಕಂದುಗಟ್ಟಿ ಒಣಗುತ್ತವೆ. ಡ್ರಿಪ್ಪರ್ ಒದ್ದೆ ಮಾಡುವ ವೃತ್ತದ ಅಂಚಿನಲ್ಲಿ ಬಿಳಿ ಹುಡಿ ಕಾಣುತ್ತದೆ. ಅದನ್ನು ಗೊಬ್ಬರದ ಕೊರತೆ ಅಂದುಕೊಂಡು ಗೊಬ್ಬರ ಹಾಕಿದರೆ ಉಪ್ಪಿಗೆ ಉಪ್ಪು ಸೇರಿಸಿದ ಹಾಗೆ.

ಗಿಡ ಕುಡಿಯುವುದು ಬಹುಪಾಲು ಬರೀ ನೀರು. ಉಪ್ಪಿನಂಶ ಹೆಚ್ಚಾಗಿ ಹಿಂದೆಯೇ ಉಳಿಯುತ್ತದೆ. ಒಂದು ಇಸಿ ಮೀಟರ್ ಇಟ್ಟುಕೊಳ್ಳಿ, ಕೈಯಲ್ಲಿ ಹಿಡಿಯುವ ಚಿಕ್ಕದು ಸಾಕು. ಇಸಿ ಅಂದರೆ ನೀರಿನ ವಿದ್ಯುತ್ ವಾಹಕತೆ, ಉಪ್ಪು ಜಾಸ್ತಿಯಾದಷ್ಟೂ ಅದು ಏರುತ್ತದೆ. ಅದು ಮಿಲಿಸೀಮೆನ್ಸ್ ಪ್ರತಿ ಸೆಂಟಿಮೀಟರ್ ಅಂತ ತೋರಿಸಿದರೂ ಡೆಸಿಸೀಮೆನ್ಸ್ ಪ್ರತಿ ಮೀಟರ್ ಅಂತ ತೋರಿಸಿದರೂ ಅಂಕಿ ಒಂದೇ. 1 ಅಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಕರಗಿದ ಲವಣ.

ಲೆಕ್ಕ ಮಾಡಿ ನೋಡೋಣ. ನಿಮ್ಮ ಹೊಸ ನೀರಿನ ಇಸಿ 0.6. ನೂರು ಲೀಟರ್ ಬಿಟ್ಟಿರಿ. ಗಿಡ ಎಂಬತ್ತು ಕುಡಿಯಿತು, ಇಪ್ಪತ್ತು ಬಸಿದು ಬಂತು. ನೂರು ಲೀಟರಿನ ಉಪ್ಪೆಲ್ಲ ಇಪ್ಪತ್ತರಲ್ಲಿ ಬಂದರೆ ಬಸಿ ನೀರಿನ ಇಸಿ 3.0. ಆ ಇಪ್ಪತ್ತಕ್ಕೆ ಎಂಬತ್ತು ಲೀಟರ್ ಹೊಸ ನೀರು ಬೆರೆಸಿದರೆ 1.08. ಪರವಾಗಿಲ್ಲ ಅನ್ನಿಸುತ್ತದೆ. ಮುಂದಿನ ಸುತ್ತಿಗೆ 1.56. ಅದರ ಮುಂದೆ 2.04. ಪ್ರತಿ ಸುತ್ತಿಗೂ 0.48 ಏರುತ್ತಾ ಐದನೇ ಸುತ್ತಿಗೆ 3.0 ಮುಟ್ಟುತ್ತದೆ. ನಿಜದಲ್ಲಿ ಗಿಡ ಒಂದಿಷ್ಟು ಲವಣ ಎಳೆದುಕೊಳ್ಳುತ್ತದೆ, ಒಂದಿಷ್ಟು ಮಣ್ಣಲ್ಲೇ ಕೂರುತ್ತದೆ, ಮಳೆ ತೊಳೆಯುತ್ತದೆ. ಒಂದು ಸುತ್ತು ಮುಗಿಯಲು ವಾರಗಳೇ ಬೇಕಾಗಬಹುದು. ಏರುವುದು ನಿಧಾನವಾದೀತು, ದಿಕ್ಕು ಮಾತ್ರ ಅದೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ಮಾರ್ಗಸೂಚಿಯಲ್ಲಿ ನೀರಾವರಿ ನೀರಿನ ಇಸಿ 0.7ಕ್ಕಿಂತ ಕಡಿಮೆ ಇದ್ದರೆ ಅಡ್ಡಿಯಿಲ್ಲ, 3.0 ದಾಟಿದರೆ ಬಳಕೆಗೆ ತೀವ್ರ ನಿರ್ಬಂಧ ಅಂತಿದೆ.

ಈಗ ಬಸಿದು ಬಂದ ಇಪ್ಪತ್ತು ಲೀಟರಿನಲ್ಲಿ ಹತ್ತನ್ನು ಮಾತ್ರ ಮರಳಿ ಬಳಸಿ, ಹತ್ತನ್ನು ಹೊರಗೆ ಬಿಡಿ. 0.84, ಆಮೇಲೆ 0.96, ಆಮೇಲೆ 1.02. ಏರುತ್ತಾ ಹೋದರೂ 1.08 ದಾಟುವುದಿಲ್ಲ, ಅಲ್ಲಿಗೆ ನಿಲ್ಲುತ್ತದೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನು ಎರಡೆರಡು ಸಲ ಕೂಡಿ ನೋಡಿದ್ದೆ. ಒಂದು ಹನಿಯೂ ಹೊರಗೆ ಹೋಗಬಾರದು ಅನ್ನುವ ಹಟಕ್ಕೂ, ಅರ್ಧ ಬಿಟ್ಟುಕೊಡುವುದಕ್ಕೂ ಇರುವ ವ್ಯತ್ಯಾಸ ಇಷ್ಟು. ಹೊರಗೆ ಬಿಟ್ಟ ನೀರನ್ನು ಕೆರೆ ತೊರೆಗೆ ಹರಿಸಬೇಡಿ, ಅದರಲ್ಲಿ ಗೊಬ್ಬರದ ನೈಟ್ರೇಟೂ ಇರುತ್ತದೆ. ಉಪ್ಪು ತಡೆಯುವ ಗಿಡಗಳಿಗೆ ಬೇರೆಯೇ ಪಾತಿ ಮಾಡಿ ಅಲ್ಲಿಗೆ ಕೊಡಿ. ಗಿಡ ಗಿಡಕ್ಕೂ ತಾಳಿಕೆಯಲ್ಲಿ ಬಹಳ ವ್ಯತ್ಯಾಸವಿದೆ. ಪೂರ್ತಿ ನೆನೆಸಿದ ಮಣ್ಣಿನಿಂದ ಹಿಂಡಿ ತೆಗೆದ ನೀರಿನ ಇಸಿ 1.0 ದಾಟಿದ ಕೂಡಲೇ ಹುರುಳಿಕಾಯಿ, ಕ್ಯಾರೆಟ್ ಸೊರಗಲು ಶುರು. ಟೊಮೆಟೊ 2.5ರವರೆಗೆ ತಡೆಯುತ್ತದೆ. ಹತ್ತಿ 7.7, ಬಾರ್ಲಿ 8.0.

ಪರೀಕ್ಷೆ ಮಾಡುವಾಗ ಮೂರು ಕಡೆ ಅಳೆಯಿರಿ: ಹೊಸ ನೀರು, ಬೆರೆಸಿದ ನೀರು, ಬಸಿ ನೀರು. ಬಸಿ ನೀರಿನ ಅಂಕಿ ವಾರ ವಾರ ಏರುತ್ತಿದ್ದರೆ ಹೊರಗೆ ಬಿಡುವ ಪಾಲು ಹೆಚ್ಚಿಸಿ. ಈಗಾಗಲೇ ಉಪ್ಪು ಕೂತಿದ್ದರೆ, ಎಲ್ಬೋ ಪೂರ್ತಿ ಕೆಳಗಿಳಿಸಿ, ಮರಳಿ ಬಳಸುವುದು ನಿಲ್ಲಿಸಿ, ಬರೀ ಹೊಸ ನೀರನ್ನು ನಿಲ್ಲಿಸಿ ನಿಲ್ಲಿಸಿ ಕೊಟ್ಟು ತೊಳೆಯಬೇಕು. ಬಸಿಯುವ ದಾರಿ ಕಟ್ಟಿರುವಾಗ ತೊಳೆಯಲು ಹೋಗಬೇಡಿ. ಉಪ್ಪು ಕೆಳಗೆ ಹೋದ ಹಾಗೆ ಮಾಡಿ, ನೀರಿನ ಜೊತೆ ಮತ್ತೆ ಮೇಲೆ ಬರುತ್ತದೆ.

ತೊಳೆದರೂ ನೀರು ಇಂಗುತ್ತಿಲ್ಲ, ಮೇಲ್ಮಣ್ಣು ಹಪ್ಪಳದ ಹಾಗೆ ಗಟ್ಟಿಯಾಗಿದೆ, ಪಿಎಚ್ 8.5 ದಾಟಿದೆ ಅಂದರೆ ಸೋಡಿಯಂ ಮೇಲೆ ಅನುಮಾನ ಪಡಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರು ಹಾಕಿ, ಒಣಗಿದ ಒಂದು ಚಿಕ್ಕ ಹೆಂಟೆಯನ್ನು ಮೆಲ್ಲನೆ ಇಳಿಸಿ, ಅಲುಗಿಸದೆ ಬಿಡಿ. ಹೆಂಟೆ ಸುಮ್ನೆ ಪುಡಿಯಾಗಿ ಕೂತರೆ ಸರಿ. ಎರಡು ಗಂಟೆಯಲ್ಲಿ ಅದರ ಸುತ್ತ ಹಾಲು ಕದಡಿದಂತೆ ಮೋಡ ಹಬ್ಬಿದರೆ ಜೇಡಿಯ ಕಣಗಳು ಬಿಟ್ಟುಕೊಳ್ಳುತ್ತಿವೆ. ಅದಕ್ಕೆ ಜಿಪ್ಸಂ ಹಾಕಿ ಆಮೇಲೆ ತೊಳೆಯಬೇಕು. ಎಷ್ಟು ಅಂತ ಮಣ್ಣು ಪರೀಕ್ಷೆ ಮಾಡಿಸದೆ ಹೇಳಲಾಗದು.

ಗಿಡ ಸಾಲಾಗಿ ಸಾಯುತ್ತಿವೆ

ಒಂದು ಗಿಡ ಕೊಳೆತು, ವಾರದಲ್ಲಿ ಅದೇ ಲೈನಿನ ಇನ್ನಷ್ಟು ಗಿಡ, ಆಮೇಲೆ ದೂರದ ಪಾತಿಯಲ್ಲೂ ಅದೇ ಆದರೆ ರೋಗ ನೀರಿನ ಜೊತೆ ಸುತ್ತುತ್ತಿದೆ. ಪಿಥಿಯಂ, ಫೈಟಾಫ್ತೊರಾದಂಥ ಬೇರುಕೊಳೆ ಜೀವಿಗಳ ಬೀಜಾಣುಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಜಾಲರಿ ಫಿಲ್ಟರ್ ಅವನ್ನು ತಡೆಯುವುದಿಲ್ಲ. ಮೊದಲು ಆ ಪಾತಿಯ ಬಸಿ ನೀರನ್ನು ತೊಟ್ಟಿಯಿಂದ ಬೇರ್ಪಡಿಸಿ. ನಿಧಾನ ಮರಳು ಫಿಲ್ಟರ್ ಇವುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಚದರ ಮೀಟರ್ ಮರಳಿನಿಂದ ಗಂಟೆಗೆ 100ರಿಂದ 300 ಲೀಟರ್ ಇಳಿಯುವಷ್ಟು ನಿಧಾನ ಇರಬೇಕು. ಮರಳಿನ ಮೇಲೆ ಬೆಳೆಯುವ ತೆಳ್ಳನೆ ಜೀವಪೊರೆಯೇ ಅರ್ಧ ಕೆಲಸ ಮಾಡುವುದು, ಕೊಳೆ ಅಂತ ದಿನಾ ಕೆರೆದು ತೆಗೆಯಬೇಡಿ. ನೀರು ಇಳಿಯುವುದು ತೀರಾ ಕಡಿಮೆಯಾದಾಗ ಮಾತ್ರ ಮೇಲಿನ ಒಂದೆರಡು ಸೆಂ.ಮೀ. ತೆಗೆಯಿರಿ.

ಮೋಟರ್, ಫಿಲ್ಟರ್, ಡ್ರಿಪ್ಪರ್

ಮೋಟರ್ ಎರಡೆರಡು ನಿಮಿಷಕ್ಕೆ ಆನ್ ಆಫ್ ಆಗುತ್ತಿದ್ದರೆ ನಾನ್ ರಿಟರ್ನ್ ವಾಲ್ವ್ ನೋಡಿ. ಎತ್ತಿದ ನೀರು ವಾಪಸ್ ತೊಟ್ಟಿಗೆ ಬೀಳುತ್ತಿರುತ್ತದೆ. ತೊಟ್ಟಿಯ ನೀರಿನ ಮೇಲೆ ತೇಲುತ್ತಾ ಮೋಟರ್ ಆನ್ ಆಫ್ ಮಾಡುವ ಫ್ಲೋಟ್ ಸ್ವಿಚ್‌ನ ವೈರ್ ಗಿಡ್ಡ ಕಟ್ಟಿದ್ದರೂ ಹೀಗಾಗುತ್ತದೆ. ಮೋಟರ್ ಓಡುತ್ತಿದೆ, ನೀರು ಬರುತ್ತಿಲ್ಲ ಅಂದರೆ ಗಾಳಿ ಸಿಕ್ಕಿಕೊಂಡಿದೆ. ಮುಳುಗು ಮೋಟರಿಗೂ ವಾಲ್ವಿಗೂ ನಡುವಿನ ಪೈಪಿಗೆ 3 ಮಿ.ಮೀ. ತೂತು ಹಾಕಿದರೆ ಗಾಳಿ ತಾನೇ ಹೊರಹೋಗುತ್ತದೆ. ಇದನ್ನೆಲ್ಲ ಮುಟ್ಟುವ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಒದ್ದೆ ತೊಟ್ಟಿಯಲ್ಲಿ ಕೈ ಹಾಕುತ್ತಿದ್ದೀರಿ.

ಫಿಲ್ಟರ್ ಕಟ್ಟಿದೆಯಾ ಅಂತ ಅದರ ಎರಡೂ ಬದಿಯ ಒತ್ತಡದ ಅಂತರ ಹೇಳುತ್ತದೆ. ತೊಳೆದ ದಿನದ ಅಂತರವನ್ನು ಡಬ್ಬಿಯ ಮೇಲೆಯೇ ಬರೆದಿಡಿ. ತೊಟ್ಟಿಗೆ ಬೆಳಕು ಬಿದ್ದರೆ ಪಾಚಿ ಬೆಳೆದು ಫಿಲ್ಟರ್ ದಿನಾ ಕಟ್ಟುತ್ತದೆ. ಮುಚ್ಚಳ ಭದ್ರ ಮಾಡಿದರೆ ಅರ್ಧ ತೊಂದರೆ ಹೋಯಿತು. ಡ್ರಿಪ್ಪರ್ ಕಟ್ಟಿದ್ದರೆ ಲ್ಯಾಟರಲ್‌ನ, ಅಂದರೆ ಡ್ರಿಪ್ಪರ್‌ಗಳು ಕೂತ ಸಣ್ಣ ಪೈಪಿನ, ತುದಿ ಬಿಚ್ಚಿ ನೀರು ನುಗ್ಗಿಸಿ, ಬರುವುದನ್ನು ಬಿಳಿ ಬಟ್ಟೆಯಲ್ಲಿ ಹಿಡಿಯಿರಿ. ಬಟ್ಟೆಯ ಮೇಲೆ ತುಕ್ಕು ಬಣ್ಣವಾದರೆ ಕಬ್ಬಿಣ, ಹಸಿರು ಲೋಳೆಯಾದರೆ ಪಾಚಿ, ಬಿಳಿ ಗಟ್ಟಿ ಚೂರಾದರೆ ಸುಣ್ಣ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಬೋ ಇಳಿಸಿ, ನೀರಿನ ಹೊತ್ತು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಎಲ್ಲಾ ಒಂದೇ ದಿನ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ. ಎಲ್ಬೋ ಮುಟ್ಟಿದ ಮೇಲೆ ಎರಡು ಮೂರು ದಿನ ಬಿಟ್ಟು ಎರಡೂ ಅಳತೆ ಪೈಪು ನೋಡಿ. ಜೇಡಿಯಾದರೆ ಒಂದು ವಾರ. ಮಳೆ ಬಂದರೆ ಎಷ್ಟು ಮಿ.ಮೀ. ಅಂತ ಅದೇ ಪುಸ್ತಕದಲ್ಲಿ ಬರೆಯಿರಿ. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್, ತೊಟ್ಟಿಗೆ ಎಷ್ಟು ಬಂತು ಅನ್ನುವುದರ ಜೊತೆ ತಾಳೆ ನೋಡಲು ಸುಲಭ.

ನೀರಿನಲ್ಲಿ ನಿಂತು ಸೊರಗಿದ ಗಿಡಕ್ಕೆ ಕೂಡಲೇ ಗೊಬ್ಬರ ಹಾಕಬೇಡಿ, ಎಳೆದುಕೊಳ್ಳಲು ಬೇರುಗಳೇ ಇಲ್ಲ. ಬುಡದಲ್ಲಿ ಒಂದು ಕಡೆ ಮಾತ್ರ ಮಣ್ಣು ಸರಿಸಿ ನೋಡಿ. ನನ್ನ ಪಾತಿಯಲ್ಲಿ ಎಲ್ಬೋ ಇಳಿಸಿದ ಹತ್ತನೇ ದಿನ ಕೆಲವು ಗಿಡಗಳ ಕಂದು ಬೇರಿನ ಮೇಲ್ಭಾಗದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಳಕೆ ಹೊರಟಿತ್ತು. ಅವು ಉಳಿದವು. ಹಾಗೆ ಬಿಳಿ ಕಾಣದ ಗಿಡಗಳನ್ನು ಇನ್ನೂ ಒಂದು ವಾರ ಕಾದು, ಕಿತ್ತುಹಾಕಿದೆ.